ನಾಲ್ಕನೆಯ ಅಧ್ಯಾಯ ಮತ್ತು ಹಿತ್ತಲ ಒಲೆ

ಆರು ವರ್ಷಗಳಿಂದ ನಾನು ನ್ಯಾಯದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಈ ಆರು ವರ್ಷಗಳಲ್ಲಿ ನನ್ನ ಸ್ವಂತ ಮನೆಯಲ್ಲಿ ಒಬ್ಬರಾದರೂ ‘ಏನ್ರೀ ನಿಮ್ಮ ಸಂಶೋಧನೆ?’ ಎಂದು ಕೇಳಿದ್ದುಂಟೇ? ಇಲ್ಲ. ಈ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ನಾನು ಅಂದು ಆ ಕೆಲಸ ಮಾಡಿದೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ನನ್ನ ಹೆಸರು ದೇವಾನಂದ. ಮನೆ ವಾಡಿಯಲ್ಲಿ, ನೌಕರಿ ಚಿತ್ತಾಪುರದ ಒಂದು ಕಾಲೇಜಿನಲ್ಲಿ. ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಪಿಎಚ್.ಡಿ. ಪ್ರಬಂಧದ ಶೀರ್ಷಿಕೆ ಹೀಗಿದೆ (ಉಸಿರು ಹಿಡಿದುಕೊಳ್ಳಿ): ‘ಸುಣ್ಣದಕಲ್ಲು ಮತ್ತು ಸಿಮೆಂಟ್ ವಲಯದಲ್ಲಿ ಹವಾಮಾನಸ್ನೇಹಿ ನ್ಯಾಯಯುತ ಪರಿವರ್ತನೆ: ವ್ಯವಹಾರ, ಉದ್ಯೋಗ ಹಾಗೂ ಹಣಕಾಸಿನ ಒಂದು ವಿಶ್ಲೇಷಣಾತ್ಮಕ ಅಧ್ಯಯನ.’ ಇದನ್ನು ಮೊದಲ ಸಲ ಓದಿ ಹೇಳಿದಾಗ ನನ್ನ ಹೆಂಡತಿ ಸುಮಂಗಲಾ, “ನೀವು ಇದನ್ನ ಮುಗಿಸೋದ್ರಾಗ ನಂದು ಒಂದು ರೊಟ್ಟಿ ಬೆಂದು ಎರಡನೇದ್ದು ಹಂಚಿನ ಮ್ಯಾಲ ಬಂತ್ರಿ” ಎಂದಿದ್ದಳು.

ವಿಷಯ ಮಾತ್ರ ಸರಳ. ಭೂಮಿ ಬಿಸಿಯಾಗುತ್ತಿದೆ, ಹೊಗೆ ಕಡಿಮೆಯಾಗಬೇಕು, ಅದಕ್ಕಾಗಿ ಕಾರ್ಖಾನೆಗಳು, ಗಣಿಗಳು ಬದಲಾಗಬೇಕು. ಹಾಗೆ ಬದಲಾಗುವಾಗ ಕೆಲಸ ಕಳೆದುಕೊಳ್ಳುವವರನ್ನು ಮೊದಲು ಕೇಳಬೇಕು, ಅವರಿಗೆ ಬೇರೆ ದಾರಿ ತೋರಿಸಬೇಕು, ಒಬ್ಬರನ್ನೂ ಬೀದಿಗೆ ಹಾಕಬಾರದು. ಇಷ್ಟನ್ನೇ ನಾನು ನಾಲ್ಕನೆಯ ಅಧ್ಯಾಯದಲ್ಲಿ ತೊಂಬತ್ತು ಪುಟಗಳಲ್ಲಿ ಹೇಳಿದ್ದೇನೆ.

ನನ್ನ ಮಾರ್ಗದರ್ಶಕರು ಕಲಬುರಗಿಯ ಡಾ. ಶಿವಗಂಗಾ ಮೇಡಂ. ಮೃದು ಮಾತಿನವರು. ಆ ಮೃದು ಮಾತಿನಲ್ಲೇ ಹೋದ ತಿಂಗಳು ನನ್ನ ಆರು ವರ್ಷಗಳ ಮೇಲೆ ನೀರು ಹೊಯ್ದರು.

“ದೇವಾನಂದ, ಎಲ್ಲಾ ಛಲೋ ಅದ. ಆದ್ರ ಬರೇ ಪುಸ್ತಕದ್ದೇ ಅದ. ಸೇಡಂದಾಗ ವಿಚಾರ ಸಂಕಿರಣ ಇಟ್ಟೀವಿ. ಅಲ್ಲಿಗಿ ಬರಾವಾಗ ಕಣ್ಣಿಗಿ ಕಾಣೋ ಅಂಥ ಒಂದು ಜೀವಂತ ಉದಾಹರಣೆ ತಗೊಂಡು ಬರ್ರಿ.”

ಜೀವಂತ ಉದಾಹರಣೆಯನ್ನು ಎಲ್ಲಿಂದ ತರುವುದು? ಚಿಂತಿಸುತ್ತಾ ಮನೆಗೆ ಬಂದೆ. ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಆ ಹೊಗೆಯೊಳಗೆ ನನಗೆ ಡಾಕ್ಟರೇಟ್ ಕಂಡಿತು.

ಹಿತ್ತಲಿನಲ್ಲಿ ಸುಮಂಗಲಾಳ ರೊಟ್ಟಿ ಕೇಂದ್ರ. ಜೋಳದ ರೊಟ್ಟಿ ಬಡಿದು ರೈಲ್ವೆ ನೌಕರರಿಗೆ, ಕಾರ್ಖಾನೆಯ ಮೆಸ್ಸುಗಳಿಗೆ ಕೊಡುತ್ತಾಳೆ. ಅವಳ ಜೊತೆ ಇಬ್ಬರು ಹೆಂಗಸರು: ರಾವೂರಿನಿಂದ ಬರುವ, ಐವತ್ತು ದಾಟಿದ ಭೀಮಬಾಯಿ, ನಮ್ಮ ಓಣಿಯವಳೇ ಆದ ತುಳಜಾಬಾಯಿ. ಒಲೆಗೆ ತೊಗರಿ ಕಟ್ಟಿಗೆ. ಮೂವರೂ ದಿನವಿಡೀ ಕೆಮ್ಮುತ್ತಾ, ನಗುತ್ತಾ, ಪಟಪಟ ಬಡಿಯುತ್ತಾ ಇರುತ್ತಾರೆ. ಇಂಗಾಲದ ಇಂಥ ಘೋರ ಕಾರ್ಖಾನೆಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ನಾನು ಕೋಡ್ಲಾದ ಸಿಮೆಂಟ್ ಕಾರ್ಖಾನೆಗಳ ಕಡೆ ದುರ್ಬೀನು ಹಿಡಿದಿದ್ದೆನಲ್ಲ!

ಅಷ್ಟರಲ್ಲಿ ಸುಮಂಗಲಾ ತಂಗಿಯ ಮನೆಯ ಸೀಮಂತಕ್ಕೆಂದು ಎರಡು ದಿನ ಚಿಂಚೋಳಿಗೆ ಹೊರಟಳು. ಅವಳ ಬಸ್ಸು ತಿರುವು ದಾಟುವ ಮೊದಲೇ ನಾನು ಮಜೀದಸಾಬರ ಅಂಗಡಿಯಲ್ಲಿದ್ದೆ. ಮಜೀದಸಾಬರು ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ಮಾರುವವರು. ಅವರ ಅಂಗಡಿಯ ಮೂಲೆಯಲ್ಲಿ ಕರೆಂಟಿನ ರೊಟ್ಟಿ ಯಂತ್ರವೊಂದು ನನಗಾಗಿಯೇ ಕಾದಿತ್ತು.

“ಸರ, ಇದು ಗೋಧಿ ಚಪಾತಿ ಮಶೀನರಿ. ಜ್ವಾಳಕ್ಕ ಬರೋಬರಿ ಆಗಂಗಿಲ್ಲ.”

“ಹಿಟ್ಟಂದ್ರ ಹಿಟ್ಟೇ ಅಲ್ಲೇನ್ರಿ ಮಜೀದಸಾಬ್ರ?”

“ಮನ್ಯಾಗ ಅಕ್ಕಾರಿಗಿ ಕೇಳೀರೇನ್ರಿ?”

“ಕೇಳೋದೇನದ? ಅಕಿಗಿ ಖುಷಿ ಆಗ್ತದ.”

ಮಜೀದಸಾಬರು ನನ್ನನ್ನು ಒಂದು ಗಳಿಗೆ ಕನಿಕರದಿಂದ ನೋಡಿ, “ಅಲ್ಲಾ ನಿಮಗ ಒಳ್ಳೇದು ಮಾಡ್ಲಿ” ಎಂದರು. ಯಂತ್ರ ಕೊಂಡವರಿಗೆಲ್ಲ ಅವರು ಹಾಗೆ ಹರಸುತ್ತಾರೆಂದು ತಿಳಿದೆ.

ಭಾನುವಾರ ಒಲೆ ಒಡೆಸಿದೆ. ಯಂತ್ರ ಕೂರಿಸಿದೆ. ಭೀಮಬಾಯಿ, ತುಳಜಾಬಾಯಿ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಸಿಹಿಸುದ್ದಿ ಹೇಳಿದೆ.

“ಸೋಮವಾರದಿಂದ ನೀವು ಬರೋದು ಬ್ಯಾಡ್ರಿ. ಮಶೀನ ಬಂದದ. ಇನ್ನ ನಿಮಗ ಆರಾಮ.”

“ಆರಾಮ ಅಂದ್ರ ಏನ್ರಿ ಮಾಸ್ತರ್ರಾ?” ಎಂದಳು ಭೀಮಬಾಯಿ.

“ಆರಾಮ ಅಂದ್ರ ವಿಶ್ರಾಂತಿ” ಎಂದು ಬಿಡಿಸಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು, ಮೂಲೆಯಲ್ಲಿಟ್ಟಿದ್ದ ತನ್ನ ಬುತ್ತಿ ಎತ್ತಿಕೊಂಡು, ಏನೂ ಅನ್ನದೆ ಹೊರಟುಹೋದಳು. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದುಕೊಂಡೆ. ಅದೇ ಉತ್ಸಾಹದಲ್ಲಿ ಶಿವಗಂಗಾ ಮೇಡಂಗೆ ಫೋನು ಹಚ್ಚಿ, “ಮೇಡಂ, ಜೀವಂತ ಉದಾಹರಣೆ ಸಿಕ್ತರಿ! ಮಂಗಳವಾರ ಮನೀಗೇ ಬಂದು ನೋಡ್ರಿ” ಎಂದು ಆಹ್ವಾನವನ್ನೂ ಕೊಟ್ಟೆ. ಬುದ್ಧಿ ಎನ್ನುವುದು ಒಮ್ಮೊಮ್ಮೆ ಮನುಷ್ಯನನ್ನು ಬಿಟ್ಟು ಎಷ್ಟು ದೂರ ಹೋಗಿರುತ್ತದೆ ನೋಡಿ.

ಸೋಮವಾರ ಮಧ್ಯಾಹ್ನ ಸುಮಂಗಲಾ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತಳು. ನಾನು ಅವಳ ಹಿಂದೆ ನಿಂತು ಮೆಚ್ಚುಗೆಗಾಗಿ ಕಾದೆ.

“ಒಲಿ ಎಲ್ಲಿ?”

“ಪರಿವರ್ತನೆ ಆಗ್ಯಾದ.”

“ಭೀಮಬಾಯಿ ಎಲ್ಲಿ? ತುಳಜಾ ಎಲ್ಲಿ?”

“ಅವರಿಗೂ...”

“ಸಂಜಿಗಿ ಇನ್ನೂರು ರೊಟ್ಟಿ ಕೊಡೋದದ್ರಿ!”

“ಅದಕ್ಕೇ ಮಶೀನ!” ಎಂದು ಗುಂಡಿ ಒತ್ತಿದೆ.

ಮುಂದಿನದನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ. ಮೊದಲ ರೊಟ್ಟಿ ಒಂಬತ್ತು ಚೂರಾಗಿ ಹೊರಬಂತು. ಎರಡನೆಯದು ಒಳಗೆ ಹೋದದ್ದನ್ನು ನಾನು ಕಂಡಿದ್ದೇನೆ, ಹೊರಬಂದದ್ದನ್ನು ಯಾರೂ ಕಂಡಿಲ್ಲ. ಮೂರನೆಯದಕ್ಕೆ ಯಂತ್ರವೇ ಕೆಮ್ಮಿತು, ಹೊಗೆ ಬಂತು (ಹೌದು, ಹೊಗೆಯೇ), ಮನೆಯ ಫ್ಯೂಸು ಹೋಯಿತು. ಸುಮಂಗಲಾ ಬಯ್ಯಲಿಲ್ಲ. ಹಿಟ್ಟಿನ ಡಬ್ಬಿ, ಹಿಟ್ಟು ನಾದುವ ಕೊಣಮಗಿ, ಹಂಚು ಎಲ್ಲ ಎತ್ತಿಕೊಂಡು ತುಳಜಾಬಾಯಿಯ ಮನೆಗೆ ಹೋಗಿ, ಭೀಮಬಾಯಿಯನ್ನೂ ಕರೆಸಿಕೊಂಡು, ಮೂವರೂ ಸೇರಿ ಹೇಗೋ ಇನ್ನೂರು ಮುಗಿಸಿ ಬಂದಳು. ನಾನು ಆ ಒಂಬತ್ತು ಚೂರುಗಳನ್ನು ಮೊಸರಿನಲ್ಲಿ ನೆನೆಸಿ ಉಂಡೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವಳು ಬಯ್ಯದೆ ಇದ್ದದ್ದು ಅದೇ ಮೊದಲು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಂಗಳವಾರ ಬೆಳಿಗ್ಗೆ ಬ್ರಷ್ ಬಾಯಲ್ಲಿಟ್ಟುಕೊಂಡು ಹೊರಗೆ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ನನ್ನ ಮನೆಯ ಮುಂದಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ ಮೂವರು ಹೆಂಗಸರು ಚಾಪೆ ಹಾಸಿ ಧರಣಿ ಕುಳಿತಿದ್ದರು! ಓಣಿಯ ಅರ್ಧ ಮಂದಿ ಅಲ್ಲೇ ಇದ್ದರು. ಸುಮಂಗಲಾಳ ಕೈಯಲ್ಲಿ ಒಂದು ರಟ್ಟು. ಅದರ ಮೇಲೆ ದುಂಡನೆಯ ಅಕ್ಷರಗಳಲ್ಲಿ: ‘ಪರಿವರ್ತನೆಯ ಮೊದಲ ಹಕ್ಕು ಅದರಿಂದ ಬಾಧಿತರಾಗುವವರ ಮಾತಿಗೆ ಸಲ್ಲಬೇಕು.’

ಎಂಥ ವಾಕ್ಯ! ಬಾಯಲ್ಲಿ ನೊರೆಯಿದ್ದರೂ ತಡೆಯಲಾಗಲಿಲ್ಲ.

“ವಾಹ್, ಯಾರು ಬರದದ್ದು ಇದು?”

“ನೀವೇ ಬರದದ್ದು. ಪುಟ ನೂರಾ ಹದಿನೇಳು” ಎಂದಳು ಸುಮಂಗಲಾ.

ನೊರೆ ಒಳಗೆ ಹೋಯಿತು.

“ನೀ... ನೀ ನನ್ನ ಪ್ರಬಂಧ ಓದೀಯೇನು?”

“ಮೂರು ಸಲ ಟೈಪ್ ಮಾಡೀನಲ್ರಿ. ಕಣ್ಣು ಮುಚ್ಕೊಂಡು ಮಾಡ್ಲಿಕ್ಕಿ ಬರ್ತದೇನು? ನೂರಾ ಇಪ್ಪತ್ತೊಂದನೇ ಪುಟದಾಗ ಏನಂದೀರಿ? ‘ಯಂತ್ರ ಬರುವ ಮುನ್ನ ಮಾತುಕತೆ ಬರಬೇಕು.’ ನಿಮ್ಮ ಮನಿಗಿ ಯಾವುದು ಮೊದಲ ಬಂತ್ರಿ?”

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ನಾನು ಗಂಭೀರನಾಗಿ, “ನಾ ನಿಮ್ಮ ಒಳ್ಳೇದಕ್ಕೇ ಮಾಡೀನಿ. ಭೀಮಬಾಯಿ, ನೀನರೆ ಹೇಳು. ಈ ಹೊಗಿಯಾಗ ಎಷ್ಟು ದಿನ ಕಣ್ಣು ಕೆಡಿಸ್ಕೊಳ್ತಿ?” ಎಂದೆ.

ಭೀಮಬಾಯಿ ಕೂತಲ್ಲಿಂದಲೇ ಮೆಲ್ಲಗೆ ಹೇಳಿದಳು. “ಮಾಸ್ತರ್ರಾ, ನಾ ರಾವೂರ ಖಣಿಯಾಗ ಹದಿನೆಂಟು ವರ್ಷ ಕಲ್ಲು ಹೊತ್ತೀನಿ. ಕಲ್ಲು ಕೊಯ್ಯೋ ಮಶೀನ ಬಂತು. ‘ಸೋಮವಾರದಿಂದ ಬರಬ್ಯಾಡ’ ಅಂದ್ರು. ಅಷ್ಟೇ ಅಂದ್ರು. ನೀವೂ ಮೊನ್ನಿ ‘ಸೋಮವಾರದಿಂದ’ ಅಂತನೇ ಅಂದ್ರಿ. ಅವರು ಆರಾಮ ಅಂತ ಅಂದಿರಲಿಲ್ಲ, ಅಷ್ಟೇ ಫರಕ.”

ಈ ಮಾತನ್ನು ನಾನು ಮೊದಲೂ ಕೇಳಿದ್ದೆ.

“ಇದನ್ನ ಯಾರ ಮುಂದ ಹೇಳಿದ್ದಿ ನೀ?”

“ನಿಮ್ಮ ಮುಂದೇ ಹೇಳಿದ್ದೆ. ನಾಲ್ಕು ವರ್ಷ ಆತು, ರಾವೂರಿಗಿ ಕಾಗದ ಹಿಡ್ಕೊಂಡು ಬಂದಿದ್ರಲ್ಲ? ಬರಕೊಂಡ್ರಿ, ಚಾ ಕುಡಿದ್ರಿ, ‘ನಿನ್ನ ಮಾತು ಭಾಳ ಮುಖ್ಯ’ ಅಂದ್ರಿ, ಹ್ವಾದ್ರಿ.”

ನಾಲ್ಕನೆಯ ಅಧ್ಯಾಯದ ಎದೆಗುಂಡಿಗೆಯೇ ಆದ, ನನ್ನ ಸಮೀಕ್ಷೆಗೆ ಉತ್ತರ ಕೊಟ್ಟ ‘ಪ್ರತಿಕ್ರಿಯಾದಾರ ಮೂವತ್ತೆಂಟು’ ಎರಡು ವರ್ಷದಿಂದ ನನ್ನ ಹಿತ್ತಲಿನಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು! ಆ ಕಾಗದಗಳನ್ನು ಟೈಪ್ ಮಾಡುವಾಗಲೇ ಸುಮಂಗಲಾ ಅವಳ ಹೆಸರು, ಊರು ಗುರುತು ಹಾಕಿಕೊಂಡು, ಹುಡುಕಿಸಿ ಕರೆತಂದು ಕೆಲಸ ಕೊಟ್ಟಿದ್ದಳಂತೆ. ನಾನು ಎರಡು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೆ. ಒಮ್ಮೆಯೂ ಸರಿಯಾಗಿ ಮುಖ ನೋಡಿರಲಿಲ್ಲ. ಬ್ರಷ್ ಕೈಯಿಂದ ಜಾರಿ ಬಿತ್ತು.

ಸರಿಯಾಗಿ ಆ ಹೊತ್ತಿಗೆ ಸ್ಟೇಷನ್ ಕಡೆಯಿಂದ ಆಟೋ ಬಂದು ನಿಂತು, ಶಿವಗಂಗಾ ಮೇಡಂ ಇಳಿದರು.

“ಮೇಡಂ, ಇವತ್ತು ಜರಾ ತ್ರಾಸ್ ಅದ, ನೀವು ಇನ್ನೊಂದ್ಸಲ...” ಎಂದು ಅಡ್ಡ ಹೋದೆ. ಅವರು ನನ್ನ ಹೆಗಲ ಮೇಲಿಂದ ರಟ್ಟನ್ನು ಓದಿದರು. ಚಪ್ಪಲಿ ಬಿಟ್ಟು ಸೀದಾ ಚಾಪೆಯ ಮೇಲೆ ಹೋಗಿ ಕುಳಿತರು. ಒಂದು ಗಂಟೆ ಮೂವರ ಮಾತನ್ನೂ ಕೇಳಿದರು. ನಡುವೆ ಒಮ್ಮೆ ಮಾತ್ರ ನನ್ನ ಕಡೆ ತಿರುಗಿದರು.

“ದೇವಾನಂದ, ನಿಮ್ಮ ಮಶೀನಿಗಿ ಕರೆಂಟ್ ಎಲ್ಲಿಂದ ಬರ್ತದ?”

“ಕಂಬದಿಂದರಿ ಮೇಡಂ.”

“ಕಂಬಕ್ಕ?”

ನಾನು ಕಂಬವನ್ನು ನೋಡಿದೆ. ತುಳಜಾಬಾಯಿ ಉತ್ತರ ಕೊಟ್ಟಳು: “ಕಲ್ಲಿದ್ದಲದಿಂದರಿ ಅಕ್ಕಾರ. ದಿನಾ ನಮ್ಮ ಸ್ಟೇಷನ್ ಮುಂದ ಮಾಲಗಾಡಿ ತುಂಬಿ ಹೋಗ್ತದಲ್ಲ? ನಮ್ಮ ತೊಗರಿ ಕಟ್ಟಿಗಿ ಹೊಲದಾಗ ವರ್ಷಾ ಬೆಳೀತದ.”

ನನ್ನ ಆರು ವರ್ಷಗಳು ಕಂಬದ ತುದಿಯಲ್ಲಿ ಕಾಗೆಯಂತೆ ಕೂತವು.

“ಹಂಗಾದ್ರ ನಿಮಗ ಏನು ಬೇಕ್ರಿ?” ಎಂದು ಮೇಡಂ ಹೆಂಗಸರನ್ನು ಕೇಳಿದರು. ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಉತ್ತರ ಮಾತ್ರ ತಯಾರಿತ್ತು. ಹೊಗೆ ಮೇಲೆ ಹೋಗಲು ಕೊಳವಿ ಇರುವ ಒಲೆ ಬೇಕು. ನಿಂತು ಬೇಯಿಸುವಷ್ಟು ಎತ್ತರ ಇರಬೇಕು, ಕೂತು ಕೂತು ಸೊಂಟ ಹೋಗಿದೆ. ಹಿಟ್ಟು ನಾದಲು ಬೇಕಾದರೆ ಯಂತ್ರ ಬರಲಿ, ಬಡಿಯುವುದು ಕೈಯಲ್ಲೇ ಆಗಲಿ. ಯಾರ ಕೆಲಸವೂ ಹೋಗಬಾರದು. ನನ್ನ ತೊಂಬತ್ತು ಪುಟ ನಾಲ್ಕು ಮಾತಿನಲ್ಲಿ ಮುಗಿಯಿತು.

ಒಪ್ಪಿದೆ. ಮಜೀದಸಾಬರು ಯಂತ್ರ ವಾಪಸು ತೆಗೆದುಕೊಂಡು ನಾದುವ ಯಂತ್ರ ಕೊಟ್ಟರು, ನಗುವನ್ನು ಮೀಸೆಯಲ್ಲೇ ಇಟ್ಟುಕೊಂಡರು. ಹದಿನೈದು ದಿನದಲ್ಲಿ ಹಿತ್ತಲಲ್ಲಿ ಹೊಸ ಒಲೆ ಎದ್ದಿತು. ಭೀಮಬಾಯಿಯ ಕೆಮ್ಮು ತಗ್ಗಿತು. ನಾನು ದಿನಾ ಒಮ್ಮೆ ಹಿತ್ತಲಿಗೆ ಹೋಗಿ ಇಬ್ಬರ ಮುಖವನ್ನೂ ಸರಿಯಾಗಿ ನೋಡಿಕೊಂಡು ಬರುತ್ತಿದ್ದೆ. (ತುಳಜಾಬಾಯಿ, “ಯಾಕ್ರಿ ಅಕ್ಕಾ, ಮಾಸ್ತರ್ರಿಗಿ ಆರಾಮಿಲ್ಲೇನು?” ಎಂದು ಕೇಳಿದಳಂತೆ.)

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ಕಥೆಯನ್ನು ಸುಖಾಂತವೆಂದೇ ಬರೆಯುತ್ತಿದ್ದೆ. ಆದರೆ ಮೇಡಂ ಸೇಡಂ ಸಂಕಿರಣಕ್ಕೆ ಪ್ರಬಂಧ ಓದಲು ಸುಮಂಗಲಾಳನ್ನು ಕರೆದರು. ಜೊತೆಗೆ ಭೀಮಬಾಯಿಯನ್ನೂ. ನನಗೆ ಪ್ರೇಕ್ಷಕರ ಸಾಲಿನಲ್ಲಿ ಜಾಗ.

ಹಿಂದಿನ ದಿನ ಅಂಜುತ್ತಲೇ ಕೇಳಿದೆ: “ನನ್ನ ಹೆಸರು ಹಾಕೀಯೇನು?”

“ಛೇ ಛೇ! ಪ್ರತಿಕ್ರಿಯಾದಾರರ ಗುರುತು ಗುಪ್ತ ಇಡಬೇಕು. ಸಂಶೋಧನಾ ನೀತಿ ಅದು. ನೀವೇ ಬರದೀರಿ” ಎಂದಳು. ಅವಳ ಪ್ರಬಂಧದಲ್ಲಿ ನಾನು ‘ಮಾಲೀಕ-೧’, ನಮ್ಮ ಹಿತ್ತಲು ‘ವಾಡಿಯ ಒಂದು ಕಿರು ಉದ್ಯಮ’. ನೆಮ್ಮದಿಯಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಸಭಾಂಗಣದಲ್ಲಿ ಇನ್ನೂರು ಮಂದಿ. ಸುಮಂಗಲಾ ನಡುಗದೆ ಓದಿದಳು. “ಮಾಲೀಕ-೧ರಿಗೆ ಹೇಳುವ ರೂಢಿ ಇದೆ, ಕೇಳುವ ರೂಢಿ ಇಲ್ಲ. ತಾನು ಮಾಡುತ್ತಿರುವುದು ಉಪಕಾರ ಎಂಬ ದೃಢ ನಂಬಿಕೆಯೇ ಅವರ ಮುಖ್ಯ ಲಕ್ಷಣ.” ಸಭೆ ನಕ್ಕಿತು. ಗುಟ್ಟು ಬಯಲಾಗದಿರಲೆಂದು ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಓದು ಮುಗಿದ ಮೇಲೆ ಪ್ರಶ್ನೋತ್ತರ. ಕೋಡ್ಲಾದ ಕಾರ್ಮಿಕ ಮುಖಂಡರು, ಸಾಯಬಣ್ಣ ಎಂದು ಹೆಸರು, ಎದ್ದು ನಿಂತರು. ಬಿಳಿ ಮೀಸೆ, ಗುಡುಗಿನ ದನಿ.

“ನಂದು ಪ್ರಶ್ನೆ ಇಲ್ರಿ, ಸಿಟ್ಟದ! ಎರಡು ವರ್ಷ ಒಬ್ಬಾಕಿ ಕೈಯಾಂದು ಉಂಡು ಅಕಿ ಮುಖ ಗುರ್ತಿಲ್ಲ ಅಂದ್ರ ಈ ಮಾಲೀಕ ಮನಷ್ಯಾ ಏನ್ರಿ? ಜ್ವಾಳಕ್ಕ ಗೋಧಿ ಮಶೀನ ತಂದಾನಂದ್ರ ಅಂವಗ ತಲಿಯಾಗ ಏನದ? ಇಂಥಾ ಬೇಅಕ್ಕಲ್ ಮನಷ್ಯಾ ಈ ನಾಲ್ಕು ತಾಲೂಕಿನಾಗ ಇನ್ನೊಬ್ಬ ಇರಲಾರ!”

ಚಪ್ಪಾಳೆ. ನಾನೂ ತಟ್ಟಿದೆ, ಒಂದೆರಡು ಸಲ. ಸಾಯಬಣ್ಣ ನಿಲ್ಲಿಸಲಿಲ್ಲ. “ಅಂವಗ ಓದು ಬರಹ ಇರಲಿಕ್ಕಿಲ್ಲ ಬಿಡ್ರಿ. ಹೆಬ್ಬಟ್ಟೇ ಇರಬೇಕು!”

ಅಷ್ಟೇ. ಆರು ವರ್ಷದ ಪಿಎಚ್.ಡಿ. ನನ್ನೊಳಗಿಂದ ಎದ್ದು ನಿಂತಿತು. ಅದರ ಜೊತೆ ನಾನೂ.

“ಹಂಗೆಲ್ಲಾ ಅನಬ್ಯಾಡ್ರಿ!” ಎಂದು ಕೂಗಿದೆ. “ಅಂವ ಎಂ.ಕಾಂ. ಆಗ್ಯಾನ! ಫಸ್ಟ್ ಕ್ಲಾಸ್! ಅಂವನ ಉದ್ದೇಶ ಖರೇ ಒಳ್ಳೇದಿತ್ತು! ಮಜೀದಸಾಬರೇ ಗಟ್ಟಿಯಾಗಿ ಹೇಳಬೇಕಾಗಿತ್ತು!”

ಇನ್ನೂರು ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು. ಮುಂದಿನ ಸಾಲಿನಲ್ಲಿ ನಮ್ಮ ಪ್ರಾಂಶುಪಾಲರ ತಲೆಯೂ ಇತ್ತೆಂದು ನನಗೆ ಆಗಲೇ ಗೊತ್ತಾದದ್ದು. ಶಿವಗಂಗಾ ಮೇಡಂ ಕಣ್ಣು ಮುಚ್ಚಿಕೊಂಡರು.

ವೇದಿಕೆಯ ಮೇಲೆ ಸುಮಂಗಲಾ ಮೈಕಿನ ಹತ್ತಿರ ಬಾಗಿ, ಭಾಳ ವಿನಯದಿಂದ ಹೇಳಿದಳು: “ನಾವು ಸಂಶೋಧನಾ ನೀತಿ ಪೂರಾ ಪಾಲಿಸೀವ್ರಿ. ಹೆಸರು ನಾವು ಹೇಳಿಲ್ಲ.”

ಭೀಮಬಾಯಿಗೆ ಮಾತ್ರ ಪಾಪ ಅನ್ನಿಸಿರಬೇಕು. ವೇದಿಕೆಯ ಮೇಲೆ ತನ್ನ ಪಕ್ಕದ ಖಾಲಿ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೈಬೀಸಿದಳು.

“ಅಲ್ಲೇ ಯಾಕ ನಿಂತೀರಿ ಮಾಸ್ತರ್ರಾ? ಮ್ಯಾಲ ಬಂದು ಕುಂದ್ರಿ. ಹಿಂದಿನ ಮಂದಿಗಿ ನಿಮ್ಮ ಮುಖ ಕಾಣಸಾಕತ್ತಿಲ್ಲಂತ.”