ಕುರುಗೋಡು ಗುಡ್ಡದಿಂದ ಹಾರಿಹೋದ ಗಿಣಿ ರಾಮಪ್ಪನವರ ಸನ್ನಿಧಾನಕ್ಕೆ

ಬ್ರೂಸ್‌ಪೇಟೆ, ಬಳ್ಳಾರಿ
ಫೆಬ್ರುವರಿ ೧೯೭೮

ಶ್ರೀ ಗಿಣಿ ರಾಮಪ್ಪನವರಿಗೆ,
ಪಾಲಯ್ಯನವರ ಜೋಳದ ಹೊಲ, ಬಾದನಹಟ್ಟಿ.

ಮಾನ್ಯರೇ,

ಬ್ರೂಸ್‌ಪೇಟೆಯ ಅರ್ಧ ಜನರ ಹಣೆಬರಹವನ್ನು ಕೊಕ್ಕಿನಿಂದ ಎಳೆದುಕೊಟ್ಟ ತಮ್ಮ ಪಾದಗಳಿಗೆ, ಅವು ಈಗ ಯಾವ ತೆನೆಯ ಮೇಲೆ ಊರಿವೆಯೋ ಅಲ್ಲಿಗೇ, ಒಣಮೆಣಸಿನಕಾಯಿ ವ್ಯಾಪಾರಿ ಮರಿಬಸಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮಗೆ ಓದಲು ಬರುವುದಿಲ್ಲವೆಂದು ಕೆಲವರು ಆಡಿಕೊಳ್ಳುತ್ತಾರೆ. ಒಂದಕ್ಷರ ಓದದೆ ಇಷ್ಟು ಜನರ ಮದುವೆ, ಮೊಕದ್ದಮೆ, ವರ್ಗಾವಣೆಗಳನ್ನು ತೀರ್ಮಾನಿಸಿದವರಿಗೆ ನನ್ನದೊಂದು ಪತ್ರ ಅರ್ಥವಾಗದೇ ಇರಲಾರದು ಎಂಬ ಧೈರ್ಯದಿಂದ, ನಾಲ್ಕು ಜನರ ಎದುರಿಗೇ ಇದನ್ನು ಬರೆಯುತ್ತಿದ್ದೇನೆ.

ತಾವು ಕೆಲಸ ಬಿಟ್ಟು ಹೋದದ್ದು ತಮಗೆ ಗೊತ್ತಿದೆ. ಆದರೆ ಅಂದು ತಮ್ಮನ್ನು ಗುಡ್ಡಕ್ಕೆ ಯಾಕೆ ಹೊತ್ತುಕೊಂಡು ಹೋದೆವು ಎಂಬುದನ್ನು ತಮಗೆ ಯಾರೂ ಹೇಳಿರಲಾರರು. ನಾನೂ ಸಿರುಗುಪ್ಪದ ಅಕ್ಕಿ ಗಿರಣಿಯ ಉಜ್ಜಿನಪ್ಪನೂ ಶಾಲೆಯ ದಿನಗಳಿಂದ ಗೆಳೆಯರು, ಇಬ್ಬರಿಗೂ ಹಕ್ಕಿ ನೋಡುವ ಹುಚ್ಚು. ಕಾಲುವೆ ದಂಡೆಯ ಕೊಕ್ಕರೆ, ಗದ್ದೆಯ ಬಾತು, ಕೋಟೆ ಗುಡ್ಡದ ಗೂಬೆ ಎಲ್ಲವನ್ನೂ ನೋಡಿ ಮುಗಿಸಿ, ಮಂಡಿಗಳು ಪೂರ್ತಿ ಕೈಕೊಡುವ ಮೊದಲು ಒಂದೇ ಒಂದು ಪರದೇಶಕ್ಕೆ ಜೊತೆಯಾಗಿ ಹೋಗಿ, ಅಲ್ಲಿಯ ಹಕ್ಕಿಗಳನ್ನು ಕಣ್ತುಂಬ ನೋಡಿ ಬರಬೇಕೆಂದು ನಿಶ್ಚಯಿಸಿಕೊಂಡಿದ್ದೆವು. ನನ್ನ ಜನ್ಮದಲ್ಲಿ ನಾನಾಗಿಯೇ ಆಸೆಪಟ್ಟದ್ದು ಇದೊಂದೇ, ಉಳಿದದ್ದೆಲ್ಲ ಮೆಣಸಿನಕಾಯಿ. ಆದರೆ ಆ ಒಂದು ದೇಶ ಯಾವುದು ಎಂಬಲ್ಲಿಗೆ ಬಂದು ಬಂಡಿ ಹೂತುಕೊಂಡಿತು.

ಉಜ್ಜಿನಪ್ಪನಿಗೆ ಕೆನ್ಯಾ ಬೇಕು. ಅವನ ಕಣ್ಣಿಗೆ ಪೊರೆ ಬರುತ್ತಿರುವುದರಿಂದ, ದುರ್ಬೀನು ಇಲ್ಲದಿದ್ದರೂ ಕಾಣುವಂಥ ಉಷ್ಟ್ರಪಕ್ಷಿಯೇ ಅವನಿಗೆ ಯೋಗ್ಯವಂತೆ. ನನಗೆ ನ್ಯೂಜಿಲೆಂಡ್ ಬೇಕು. ಅಲ್ಲಿಯ ಕಿವಿ ಪಕ್ಷಿಗೆ ಹಾರಲು ಬರುವುದಿಲ್ಲ, ನನಗೆ ಓಡಲು ಬರುವುದಿಲ್ಲ, ಇಬ್ಬರಿಗೂ ಸರಿಹೋಗುತ್ತದೆ. ಅದು ಕತ್ತಲಾದ ಮೇಲೆಯೇ ಹೊರಗೆ ಬರುವುದು ಎಂದು ಉಜ್ಜಿನಪ್ಪ ಎಲ್ಲಿಂದಲೋ ತಿಳಿದುಕೊಂಡು ಬಂದು, ಊಟವಾದ ಕೂಡಲೇ ಗೊರಕೆ ಹೊಡೆಯುವ ನನಗೆ ಆ ದೇಶದಲ್ಲಿ ಏನು ಕೆಲಸ ಎಂದು ಬಜಾರಿನಲ್ಲೆಲ್ಲ ಸಾರಿದ. ಇಬ್ಬರಿಗೂ ಬೇಡ, ಸೈಬೀರಿಯಾಕ್ಕೆ ಹೋಗೋಣ ಎಂದರೆ ನನ್ನ ಮನೆಯವರು, ಕೊಟ್ರಬಸಮ್ಮನವರು, ರೊಟ್ಟಿ ಬಡಿಯುತ್ತಲೇ ಅದನ್ನು ವಜಾ ಮಾಡಿದರು. "ಆ ಹಕ್ಕಿಗಳ ಅಲ್ಲೀ ಥಂಡಿ ತಡೀಲಾರದ ಇಲ್ಲಿಗೆ ಓಡಿ ಬರ್ತಾವ, ನೀವು ಅಲ್ಲಿಗೆ ಹೊಂಟೀರೇನು? ಬುದ್ಧಿ ಯಾರಿಗೈತಿ ಅಂತ ನೀವ ಹೇಳ್ರಿ" ಎಂದರು. ಅವರ ಪ್ರಕಾರ ಜೋಳದ ರೊಟ್ಟಿ ಸಿಗುವ ದೇಶವೇ ದೇಶ, ಅದಕ್ಕೆ ರಾಯಚೂರಿನ ಆಚೆ ಹೋಗುವ ಅಗತ್ಯವೇ ಇಲ್ಲ.

ಆಗ ತಮ್ಮ ನೆನಪಾಯಿತು. ನಮ್ಮ ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ಗಿಣಿಶಾಸ್ತ್ರದ ಅಂಜಿನಪ್ಪ ತಮ್ಮ ಪಂಜರವಿಟ್ಟುಕೊಂಡು ಕೂಡುತ್ತಿದ್ದ. ಅವನು ಬಾಗಿಲು ತೆಗೆದರೆ ತಾವು ಠೀವಿಯಿಂದ ಹೊರಬಂದು, ಸಾಲಾಗಿಟ್ಟ ದೇವರ ಚಿತ್ರದ ರಟ್ಟಿನ ಎಲೆಗಳಲ್ಲಿ ಬೇಡವಾದುವನ್ನು ಎಳೆದೆಸೆದು, ಒಂದನ್ನು ಆರಿಸಿ ಅವನ ಕೈಗಿಟ್ಟು, ಒಂದು ಕಾಳು ಭತ್ತ ತಿಂದು, ಯಾರೂ ಹೇಳದಿದ್ದರೂ ಒಳಗೆ ಹೋಗುತ್ತಿದ್ದಿರಿ. ಇಂಥ ಶಿಸ್ತು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಹಕ್ಕಿಯ ವಿಷಯವನ್ನು ಹಕ್ಕಿಯನ್ನೇ ಕೇಳುವುದು ಧರ್ಮವೆಂದು ಇಬ್ಬರೂ ಒಪ್ಪಿ, ದೇವರ ಚಿತ್ರಗಳ ಬದಲು ದೇಶಗಳ ಹೆಸರು ಬರೆದ ಎಲೆಗಳನ್ನು ಮಾಡಿಸಿದೆವು.

ಆದರೆ ಬಳ್ಳಾರಿಯಲ್ಲಿ ಕೇಳಿದರೆ ಗಿಣಿ ನನ್ನ ಪರ ವಹಿಸುತ್ತದೆ ಎಂದು ಉಜ್ಜಿನಪ್ಪ ಶಂಕಿಸಿದ. ಸಿರುಗುಪ್ಪಕ್ಕೆ ಕರೆದೊಯ್ದರೆ ಅವನ ಗಿರಣಿಯ ಭತ್ತ ತಿಂದು ತಮ್ಮ ಮನಸ್ಸು ಕೆಡುತ್ತದೆ ಎಂದು ನಾನು ಶಂಕಿಸಿದೆ. ಎರಡೂ ಊರಿನ ನಡುವೆ ಕುರುಗೋಡು ಇದೆ, ಅಲ್ಲೊಂದು ಗುಡ್ಡವಿದೆ. ದೇಶ ಆರಿಸುವವರಿಗೆ ನಾಲ್ಕು ದಿಕ್ಕೂ ಕಾಣಬೇಕಲ್ಲವೇ ಎಂದು ನಾನೇ ಸೂಚಿಸಿದೆ. ರಾಮಪ್ಪ ಬೇವಿನ ನೆರಳು ಬಿಟ್ಟು ಬೇರೆಲ್ಲೂ ಕೆಲಸ ಮಾಡಿದವನಲ್ಲ ಎಂದು ಅಂಜಿನಪ್ಪ ಎಷ್ಟು ಕೈಮುಗಿದರೂ ಕೇಳದೆ, ಅವನನ್ನೂ ತಮ್ಮನ್ನೂ ಉಜ್ಜಿನಪ್ಪನ ಜೀಪಿನಲ್ಲಿ ಹೇರಿಕೊಂಡು ಗುಡ್ಡ ಹತ್ತಿದೆವು.

ಮುಂದಿನದರಲ್ಲಿ ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಬಾಗಿಲು ತೆಗೆದ ಕೂಡಲೆ ತಾವು ಹೊರಬಂದು, ಎಲೆಗಳನ್ನು ಕಣ್ಣೆತ್ತಿಯೂ ನೋಡದೆ, ನಾಲ್ಕೂ ದಿಕ್ಕನ್ನು ನಾವು ಬಯಸಿದಂತೆಯೇ ಪರಿಶೀಲಿಸಿ, ಹಾರಿಹೋಗಿ ಪಕ್ಕದ ಬಂಡೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ಕುಳಿತಿರಿ. ಉಜ್ಜಿನಪ್ಪ ಕುಣಿದಾಡಿದ; ಪಡುವಣವೆಂದರೆ ಸಮುದ್ರ, ಸಮುದ್ರ ದಾಟಿದರೆ ಕೆನ್ಯಾ. ನಾನು ಸುಮ್ಮನಿರಲಿಲ್ಲ. ತಮ್ಮ ಬಾಲ ಮೂಡಣಕ್ಕಿದೆ, ನ್ಯೂಜಿಲೆಂಡ್ ಇರುವುದೂ ಆ ಕಡೆಗೇ, ಹಕ್ಕಿಗಳ ಶಾಸ್ತ್ರದಲ್ಲಿ ಬಾಲವೇ ಪ್ರಮಾಣ ಎಂದು ವಾದಿಸಿದೆ. ಅಂಜಿನಪ್ಪ ನಮ್ಮಿಬ್ಬರ ನಡುವೆ ನಿಂತು, "ದೇಶ ಆಮ್ಯಾಲೆ ನೋಡೋಣ್ರಿ ಸಾವ್ಕಾರ್ರ, ಮೊದಲು ಟವಲ್ ಕೊಡ್ರಿ, ಹಿಡೀತೀನಿ" ಎಂದು ಬೇಡುತ್ತಿದ್ದ. ಟವಲು ನನ್ನ ಹೆಗಲ ಮೇಲೇ ಇತ್ತು. ಬಾಲದ ವಿಷಯ ಇತ್ಯರ್ಥವಾಗುವ ಮೊದಲೇ ತಾವು ಗುಡ್ಡ ಇಳಿದು ಬಾದನಹಟ್ಟಿಯ ಕಡೆಗೆ ಹೊರಟುಹೋದಿರಿ.

ಬೆನ್ನಟ್ಟಿ ಬಂದೆವು. ಪಾಲಯ್ಯನ ಜೋಳ ಹಾಲುಗಾಳಿನ ಹದಕ್ಕೆ ಬಂದಿತ್ತು, ಅದರ ಮೇಲೆ ಹಸಿರು ಕಂಬಳಿ ಹಾಸಿದಂತೆ ತಮ್ಮ ಬಂಧುಬಳಗ ಕುಳಿತಿತ್ತು. ಇಬ್ಬರೂ ದುರ್ಬೀನು ಹಚ್ಚಿ ನೋಡಿದರೆ ಎಲ್ಲರೂ ರಾಮಪ್ಪನೇ. ಅಂಜಿನಪ್ಪ ಹೊಲದ ನಡುವೆ ನಿಂತು ಕನ್ನಡದಲ್ಲಿ ಕರೆದ, ತೆಲುಗಿನಲ್ಲಿ ಕರೆದ, ಅಂಗೈಯಲ್ಲಿ ಭತ್ತ ಹಿಡಿದು ಕರೆದ. ಕವಣೆ ಹಿಡಿದು ಬಂದ ಪಾಲಯ್ಯ ಕೆಂಡವಾದ. "ನಾವು ಹಕ್ಕಿ ಓಡಿಸಾಕ ಸಾಯಾಕತ್ತೀವಿ, ನೀವು ಕಾಳು ಹಿಡದು ಕರ್ಯಾಕತ್ತೀರೇನು?" ಎಂದು ಅವನು ಕವಣೆಗೆ ಕಲ್ಲು ಹೂಡಿದ ಮೇಲೆ ನಾವು ಜೀಪು ಹತ್ತಿದೆವು. ವಾಪಸ್ಸು ಬರುವಾಗ ಅಂಜಿನಪ್ಪ ಖಾಲಿ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಬಾಗಿಲು ಬಡಿಯದಂತೆ ಒಂದು ಬೆರಳು ಒತ್ತಿ ಹಿಡಿದಿದ್ದ.

ಅವನಿಗೊಂದು ಹೊಸ ಗಿಣಿ ತಂದುಕೊಟ್ಟೆ. ಅದು ಕೆಲಸಕ್ಕೆ ಬಂದ ಮೊದಲ ದಿನ ಲಕ್ಷ್ಮಿಯ ಎಲೆಯನ್ನು ಹರಿದು ತಿಂದು, ಮದುವೆ ವಿಚಾರ ಕೇಳಲು ಬಂದ ಗುಮಾಸ್ತನೊಬ್ಬನ ಬೆರಳು ಕಚ್ಚಿತು. ಅದು ಪಳಗುವತನಕ ಅಂಜಿನಪ್ಪ ಏನು ಮಾಡಬೇಕೆಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದಾಗ, ಒಳಗಿನಿಂದ ಕೊಟ್ರಬಸಮ್ಮನವರ ತೀರ್ಪು ಬಂತು: "ಹಕ್ಕಿ ಹಾರಿಸಿದವ್ರು ಹಕ್ಕಿ ಕೆಲಸ ಮಾಡ್ರಿ." ಹಿರಿಯರೆಲ್ಲ ತಲೆದೂಗಿದರು. ಉಜ್ಜಿನಪ್ಪ ಎಲ್ಲರಿಗಿಂತ ಜೋರಾಗಿ ತೂಗಿದ.

ಅಂದಿನಿಂದ, ಮಾನ್ಯರೇ, ತಮ್ಮ ಹುದ್ದೆಯಲ್ಲಿ ನಾನಿದ್ದೇನೆ. ಬೇವಿನ ಮರದ ಹಿಂದೆ ಒಂದು ಸ್ಟೂಲು ಹಾಕಿದ್ದಾರೆ. ಗಿರಾಕಿ ಬಂದರೆ ಅಂಜಿನಪ್ಪ ಕೋಲಿನಿಂದ ನೆಲ ತಟ್ಟಿ, "ಬಾರಪ್ಪ ರಾಮಪ್ಪ, ಈ ತಾಯಿಗೊಂದು ಒಳ್ಳೆ ಎಲಿ ತೆಗಿ" ಎನ್ನುತ್ತಾನೆ. ಅಭ್ಯಾಸಬಲವಂತೆ, ಹೆಸರು ಬದಲಿಸಲು ನಾಲಿಗೆ ಏಳುವುದಿಲ್ಲವಂತೆ. ನಾನು ಮಂಡಿ ನೀವಿಕೊಳ್ಳುತ್ತಾ ಬಂದು, ಎಲೆ ತೆಗೆದುಕೊಟ್ಟು, ಒಂದು ಹೋಳು ಸೀಬೆಹಣ್ಣು ಪಡೆದು ಹಿಂದಕ್ಕೆ ಹೋಗಬೇಕು. ಮಾತಾಡುವ ಹಾಗಿಲ್ಲ. ಎಲೆ ಕೊಡುವ ಮುಂಚೆ ನಾನು ಅದನ್ನು ಓದುತ್ತೇನೆ, ರಾಮಪ್ಪ ಎಂದೂ ಹಾಗೆ ಮಾಡಿದವನಲ್ಲ ಎಂದು ಅವನು ಗಿರಾಕಿಗಳ ಎದುರಿಗೇ ಗೊಣಗುತ್ತಾನೆ. ದುಃಖದ ಸಂಗತಿಯೆಂದರೆ ವ್ಯಾಪಾರ ಏರುತ್ತಿದೆ. ಸಾವಕಾರರು ತೆಗೆದ ಎಲೆ ಸುಳ್ಳಾಗುವುದಿಲ್ಲವೆಂದು ಹಳ್ಳಿಗಳಿಂದ ಜನ ಬರುತ್ತಿದ್ದಾರೆ. ಉಜ್ಜಿನಪ್ಪನಂತೂ ವಾರಕ್ಕೊಮ್ಮೆ ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದು, ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ದುರ್ಬೀನಿನಿಂದ ನನ್ನನ್ನೇ ನೋಡುತ್ತಾನೆ. ಕೆನ್ಯಾದ ಆತುರ ಅವನಿಗೆ ಈಗ ಅಷ್ಟಾಗಿ ಇದ್ದಂತಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹಗಳಿವೆ. ತಾವು ಕೂಡಲೇ ಕೆಲಸಕ್ಕೆ ಹಾಜರಾಗಬೇಕು. ಅದಾಗದಿದ್ದರೆ ಹೊಸ ಗಿಣಿಗೆ ತಾವೇ ಬಂದು ತರಬೇತಿ ಕೊಡಬೇಕು. ಅದೂ ಆಗದಿದ್ದರೆ, ತಾವು ಸ್ವಇಚ್ಛೆಯಿಂದ ಹೋದಿರಿ, ಇದರಲ್ಲಿ ಮರಿಬಸಪ್ಪನವರ ಕೈವಾಡವಿಲ್ಲ ಎಂದು ಪಾಲಯ್ಯನ ಸಮಕ್ಷಮ ಕೊಕ್ಕಿನ ಗುರುತು ಹಾಕಿ ಕೊಡಬೇಕು. ಪಡುವಣವೋ ಮೂಡಣವೋ ಎಂಬುದನ್ನೂ ಸ್ಪಷ್ಟಪಡಿಸಿದರೆ ಉಪಕಾರ. ಬಂದರೆ ತಮಗೆ ದಿನಾಲೂ ನನ್ನ ಅಂಗಡಿಯ ಆಯ್ದ ಗುಂಟೂರು ಮೆಣಸಿನಕಾಯಿ ಉಂಟು. ಅಂಜಿನಪ್ಪ ಈಗಲೂ ಬೆಳಿಗ್ಗೆ ತಮ್ಮ ಪಾಲಿನ ಕಡಲೆ ನೆನೆಹಾಕುತ್ತಾನೆ, ಸಂಜೆ ಅದನ್ನು ಕಾಗೆಗಳಿಗೆ ಚೆಲ್ಲುತ್ತಾನೆ. ಇದನ್ನು ತಮ್ಮನ್ನು ನೋಯಿಸಲು ಹೇಳುತ್ತಿಲ್ಲ, ಖಂಡಿತ ನೋಯಲಿ ಎಂದೇ ಹೇಳುತ್ತಿದ್ದೇನೆ. ನನ್ನ ಪಾಸ್‌ಪೋರ್ಟು ಈ ವಾರ ಬಂದಿದೆ. ಬೇಸಿಗೆಗೆ ಹೊರಡದಿದ್ದರೆ ಈ ಮಂಡಿಗಳು ಇನ್ನೊಂದು ವರ್ಷ ಕಾಯುವುದಿಲ್ಲ.

ತಮ್ಮ ಸ್ಟೂಲಿನ ಮೇಲೆ ತಾತ್ಕಾಲಿಕವಾಗಿ ಕುಳಿತಿರುವ,
ತಮ್ಮ ವಿಶ್ವಾಸಿ,
ಮರಿಬಸಪ್ಪ

ತಾ.ಕ.: ಸಹಿ ಹಾಕುವಷ್ಟರಲ್ಲಿ ಅಂಜಿನಪ್ಪ ಬಂದು, ಪಾಸ್‌ಪೋರ್ಟ್ ಅಂದರೆ ಹೆಂಗಿರ್ತೈತಿ, ನೋಡೋಣ ಕೊಡ್ರಿ ಎಂದ. ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ನನ್ನ ಫೋಟೋ ಚೆನ್ನಾಗಿದೆ ಎಂದು ಹೊಗಳಿ, ತನ್ನ ಜೋಳಿಗೆಯೊಳಗೆ ಹಾಕಿಕೊಂಡು ಬಾಯಿ ಬಿಗಿಯಾಗಿ ಕಟ್ಟಿದ. ಇದೇನಪ್ಪಾ ಎಂದು ಕೇಳಿದರೆ, "ರಾಮಪ್ಪನ ರೆಕ್ಕಿ ಕತ್ತರಸಾಕ ನನಗ ಮನಸ ಬರ್ಲಿಲ್ರಿ ಸಾವ್ಕಾರ್ರ, ಅದಕ್ಕ ಹೋಗಿಬಿಟ್ಟ. ನಿಮ್ಮ ವಿಷಯದಾಗ ಆ ತಪ್ಪು ಮಾಡಂಗಿಲ್ಲ" ಎಂದ.