ಅರವತ್ತಾರಕ್ಕೆ ಮೊಳೆತ ತೋಳು

ನನ್ನ ಬಲಗೈಯನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೊಗಳದ ಕಾರಣ ಆ ಹೊಣೆ ನನ್ನ ಮೇಲೇ ಬಿದ್ದಿದೆ. ಅರವತ್ತಾರು ವರ್ಷದ ಈ ಕೈ ನಲವತ್ತು ವರ್ಷ ದರ್ಜಿಯ ಕತ್ತರಿ ಹಿಡಿದಿದೆ. ಇದು ಕತ್ತರಿಸಿದ ಬಟ್ಟೆಯನ್ನೆಲ್ಲ ಜೋಡಿಸಿದರೆ ಚಂದ್ರನಿಗೊಂದು ಅಂಗಿ ಆಗಿ, ಒಳಜೇಬಿಗೂ ಮಿಗುತ್ತದೆ.

ಇಂಥ ಕೈಯ ಮುಂದೆ ನಿಂತು ಹೆಂಡತಿ ಹೇಳುತ್ತಾಳೆ: "ರೀ, ವಯಸ್ಸಾಯ್ತು. ಅಂಗಡೀನ ಯಾರಿಗಾದ್ರೂ ವಹಿಸಿ ಮನೇಲಿರಿ."

ಅಂಗಡಿ ಬಿಡುವುದೂ ಉಸಿರು ಬಿಡುವುದೂ ನನಗೆ ಒಂದೇ. "ವಯಸ್ಸಾಗಿರೋದು ಕ್ಯಾಲೆಂಡರಿಗೆ. ನೋಡ್ತಿರು" ಎಂದವನೇ ಅಂಗಡಿಯ ಮೂಲೆಯ ಕಬ್ಬಿಣದ ಬೀರುವನ್ನು ಎತ್ತಿ ಪಕ್ಕಕ್ಕಿಡಲು ಬಗ್ಗಿದೆ.

"ಇಬ್ಬರನ್ನ ಕರೀರಿ."

"ಇದಾರಲ್ಲ ಇಬ್ಬರು. ಎಡಗೈ, ಬಲಗೈ."

ಟಪ್.

ಇಬ್ಬರೂ ಬೆಚ್ಚಿಬಿದ್ದೆವು. "ಬೀರು ಕಾಲು ಮುರೀತಾ?" ಎಂದಳು. ಭುಜ ಅದುಮಿಕೊಂಡು ನಾಲ್ಕು ಕಾಲನ್ನೂ ಪರೀಕ್ಷಿಸಿದೆ. ಎಲ್ಲವೂ ಕ್ಷೇಮ. ನನ್ನ ಭುಜದಲ್ಲಿ ಮಾತ್ರ ಕೆಂಡ ಸುರಿದ ಹಾಗೆ ಉರಿ. ಆದರೆ ಮಾನ ಅನ್ನುವುದೊಂದಿದೆಯಲ್ಲ. "ಬೀರು ನಿಟ್ಟುಸಿರು ಬಿಡ್ತು" ಎಂದೆ.

ಮರುದಿನ ಸ್ನಾನಕ್ಕೆ ಅಂಗಿ ಬಿಚ್ಚಿ ಕನ್ನಡಿ ನೋಡಿದವನು ನಿಂತಲ್ಲೇ ಕಲ್ಲಾದೆ. ಬಲತೋಳಿನಲ್ಲಿ, ಮೊಣಕೈಗಿಂತ ತುಸು ಮೇಲೆ, ಚೆಂಡಿನಂಥ ಉಂಡೆ. ನೋವೂ ಅರ್ಧ ಇಳಿದಿತ್ತು. ಒಂದು ಬೀರುವಿಗೇ ಇಷ್ಟು ಫಲ! ಎರಡು ಎತ್ತಿದ್ದರೆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

"ನೋಡೇ, ಮಾಂಸಖಂಡ."

ಅವಳು ಕಣ್ಣು ಕಿರಿದು ಮಾಡಿದಳು. "ಎಡಗೈಲಿ ಯಾಕೆ ಬಂದಿಲ್ಲ?"

"ನಾಳೆ ಬರುತ್ತೆ. ಬಲಗೈ ದೊಡ್ಡವನಲ್ವಾ?"

ಅಂದು ಅರ್ಧತೋಳಿನ ಅಂಗಿ ತೊಟ್ಟು ಅಂಗಡಿಯಲ್ಲಿ ಕೂತೆ. ಇಪ್ಪತ್ತು ವರ್ಷದಿಂದ ಬರುವ ಗಿರಾಕಿ ಅಂಚೆಯಣ್ಣ ಉಂಡೆಯನ್ನು ಒತ್ತಿ ನೋಡಿ, "ಏನ್ ತಿಂತೀರಿ ಮಾಸ್ಟರ್?" ಎಂದ.

"ಬೈಗುಳ. ಮೂರು ಹೊತ್ತು."

ಮೂರನೆಯ ದಿನ ತೋಳೆಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಕತ್ತರಿ ನಡುಗಿ ಪ್ಯಾಂಟಿನ ಬಟ್ಟೆ ಚಡ್ಡಿಯ ಬಟ್ಟೆಯಾಯಿತು. ಹೆಂಡತಿ ನನ್ನನ್ನು ಡಾಕ್ಟರ ಮುಂದೆ ಕೂರಿಸಿದಳು. ಅವರು ತೋಳನ್ನು ತಿರುಗಿಸಿ ನೋಡಿದರು.

"ಸ್ನಾಯು ಬೆಳೆದಿಲ್ಲ ಯಜಮಾನ್ರೇ, ಜಾರಿದೆ. ಅದನ್ನ ಭುಜಕ್ಕೆ ಕಟ್ಟಿರೋ ಎರಡು ಹುರೀಲಿ ಒಂದು ಹರಿದಿದೆ. ಇಲಾಸ್ಟಿಕ್ ಒಂದು ತುದೀಲಿ ಕಿತ್ತರೆ ಇನ್ನೊಂದು ತುದೀಲಿ ಮುದ್ದೆಯಾಗಲ್ವಾ, ಹಾಗೆ."

ಎರಡು ದಿನ ಊರಿಗೆಲ್ಲ ತೋರಿಸಿದ್ದು ಹರಕಲನ್ನೇ?

"ಎಳೆದು ಹೊಲಿದುಬಿಡಿ ಡಾಕ್ಟ್ರೇ."

"ಈ ವಯಸ್ಸಲ್ಲಿ ಸಾಮಾನ್ಯವಾಗಿ ಬೇಕಾಗಲ್ಲ. ಇನ್ನೊಂದು ಹುರಿ ಹಿಡ್ಕೊಂಡಿದೆ. ಮೊದಲು ವಿಶ್ರಾಂತಿ, ಆಮೇಲೆ ವ್ಯಾಯಾಮ. ಸದ್ಯಕ್ಕೆ ನೀರಿನ ಲೋಟಕ್ಕಿಂತ ಭಾರ ಎತ್ತಬೇಡಿ."

"ಕತ್ತರಿ?"

"ಆರು ವಾರ ಮುಟ್ಟಬೇಡಿ."

ಅಂಗಡಿ ಹೋಯಿತು ಎಂದುಕೊಂಡೆ. ಇಷ್ಟು ವರ್ಷ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಡುತ್ತಿದ್ದ ಹೆಂಡತಿ ನನ್ನ ಜೇಬಿನಿಂದ ಬೀಗದ ಕೈ ತೆಗೆದುಕೊಂಡು ಹೋಗಿ ತಾನೇ ಅಂಗಡಿ ತೆರೆದಳು.

ಆರು ವಾರ ನಾನು ಮನೆಯ ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯಂತೆ ಹತ್ತಿಸಿದೆ. ಮೊದಮೊದಲು ಕಿಟಕಿಯ ಎತ್ತರಕ್ಕೆ ಬರುವಷ್ಟರಲ್ಲಿ ಏಳು ಕೆರೆಯ ನೀರು ಕುಡಿದಂತಾಗುತ್ತಿತ್ತು. ಕೊನೆಗೆ ಡಾಕ್ಟರು ಕತ್ತರಿಗೆ ಅಪ್ಪಣೆ ಕೊಟ್ಟರು. ಉಂಡೆ ಹಾಗೇ ಉಳಿಯಿತು, ನೋವು ಹೋಯಿತು.

ಗೆದ್ದ ರಾಜನಂತೆ ಅಂಗಡಿ ಹೊಕ್ಕೆ. ಅಂಚೆಯಣ್ಣ ಹೊಸ ಅಂಗಿಯ ಅಳತೆಗೆ ನಿಂತಿದ್ದ. ನಾನು ಟೇಪಿಗೆ ಕೈ ಚಾಚಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬೇಜಾರಾಗಬೇಡಿ ಮಾಸ್ಟರ್. ಅಕ್ಕನೇ ಅಳತೆ ತಗೊಳ್ಳಲಿ. ಇಪ್ಪತ್ತು ವರ್ಷದಲ್ಲಿ ಹೋದ ತಿಂಗಳೇ ಮೊದಲು, ನನ್ನ ಅಂಗಿಯ ಎರಡು ತೋಳೂ ಒಂದೇ ಉದ್ದ ಬಂದಿದ್ದು."

ಬೀರು ಎತ್ತಿದಾಗಲೂ ಇಷ್ಟು ಜೋರಾಗಿ ಟಪ್ ಎಂದಿರಲಿಲ್ಲ.

"ನನ್ನ ಕೈ ಪೂರ್ತಿ ವಾಸಿಯಾಗಿದೆ ಕಣೇ" ಎಂದೆ, ಆದಷ್ಟು ಗತ್ತಿನಿಂದ.

ಹೆಂಡತಿ ಬಟ್ಟೆಯಿಂದ ಕಣ್ಣೆತ್ತದೆ ಒಂದು ಡಬ್ಬಿಯನ್ನು ನನ್ನತ್ತ ತಳ್ಳಿದಳು.

"ಹಾಗಾದ್ರೆ ಗುಂಡಿ ಹಚ್ಚಿ. ಭಾರ ಅನ್ನಿಸಿದ್ರೆ ಒಂದೊಂದೇ ಎತ್ತಿ."