ನಳಕ್ಕೊಂದು ಕುಲಾಯಿ

ನಮ್ಮ ಸೋದರಮಾವನ ಮನೆಯೊಳಗೆ ಕೂತು ನೀವು ಸಾರಾಯಿ ಕುಡಿದರೂ ಆತ ಕ್ಷಮಿಸಿಯಾನು. ನೀರು ಕುಡಿದಿರೋ, ಕೆಟ್ಟಿರಿ! ನಗಬೇಡಿ. ಯರಗಟ್ಟಿಯಲ್ಲಿ ಬಸ್ಸಿಳಿದು, ಬಿಸಿಲಲ್ಲಿ ನಡೆದು, ಬಾಯಿ ಒಣಗಿಸಿಕೊಂಡು ಬಂದವರನ್ನು ಒಳಗೆ ಕರೆದು ಕೂಡ್ರಿಸಿ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಮಾಮಾ ಮಾತ್ರ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ನೀರಿನ ವ್ಯವಹಾರವೆಲ್ಲ ಹೊರಗಿನ ಕಟ್ಟೆಯ ಮೇಲೇ ಮುಗಿಯಬೇಕು. ಮುಗಿದ ಕೂಡಲೇ ಗೂಟಕ್ಕೆ ತೂಗುಹಾಕಿದ ಟವೆಲ್ ನಿಮ್ಮ ಕೈಗೆ ಬರುತ್ತದೆ.

“ಮೀಸಿ ಒರಸ್ಕೊಂಡ ಒಳಗ ಬರ್ರಿ.”

ನೇಸರಗಿಯಿಂದ ಲಗ್ನಪತ್ರಿಕೆ ಕೊಡಲು ಬಂದಿದ್ದ ಬೀಗರೊಬ್ಬರಿಗೆ ಮೀಸೆಯೇ ಇರಲಿಲ್ಲ. “ಇಲ್ಲದ ಮೀಸಿ ಹೆಂಗ ಒರಸ್ಲಿರಿ?” ಎಂದರು. “ತುಟಿ ಅದಾವಲ್ಲ, ಒರಸ್ರಿ!” ಅಂದ ಮಾಮಾ. ಅವರು ಪತ್ರಿಕೆಯನ್ನು ಕಟ್ಟೆಯ ಮೇಲೇ ಇಟ್ಟು ಬಂದ ದಾರಿ ಹಿಡಿದರು. ಆ ಮದುವೆಗೆ ನಮ್ಮ ಪೈಕಿ ಯಾರೂ ಹೋಗಲಿಲ್ಲ. ಹೋಗಲು ಮುಖ ಬೇಕಲ್ಲ!

ಇಷ್ಟೆಲ್ಲ ಯಾಕೆಂದರೆ, ಒಳಗಿನ ಕೋಣೆಯಲ್ಲಿ ಅತ್ತೆ ಮಲಗಿದ್ದಾಳೆ. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್‌ಗೆಂದು ಬೆಳಗಾವಿಗೆ ಹೋಗುವುದು, ಸುಸ್ತಾಗಿ ಬಂದು ಮಲಗುವುದು, ಮತ್ತೆ ಹೋಗುವುದು, ಇದೇ ಬದುಕು. ಇಡೀ ದಿನಕ್ಕೆ ಸಣ್ಣ ಲೋಟದ ಅಳತೆಯಷ್ಟೇ ನೀರು ಎಂದು ಡಾಕ್ಟರು ಹೇಳಿದ್ದಾರೆ. ಹೆಚ್ಚಾದರೆ ಮೈ ಬಾತು ಉಸಿರು ಕಟ್ಟುತ್ತದೆ. ಒಮ್ಮೆ ಹಾಗೇ ಆಯಿತು. ತಡೆಯಲಾರದೆ ಅಡುಗೆಮನೆಗೆ ಹೋಗಿ ಕೊಡಕ್ಕೆ ಬಾಯಿ ಹಚ್ಚಿಬಿಟ್ಟಿದ್ದಳು; ಜೀವ ಉಳಿದದ್ದೇ ಹೆಚ್ಚು. ಅಂದಿನಿಂದ ಮಾಮಾ ಕೊಡ, ಹಂಡೆ, ತಂಬಿಗೆ ಎಲ್ಲವನ್ನೂ ಹೊರಗೆ ಸಾಗಿಸಿದ. ಅವಳ ಕಣ್ಣಿಗೆ ನೀರು ಬೀಳಬಾರದು. ಕಂಡರೆ ನೀರಡಿಕೆ ಕೆರಳುತ್ತದೆ ಎಂಬುದು ಆತನ ಭಯ.

ಅತ್ತೆಯನ್ನು ಕೆಡಿಸಿದ್ದು ಊರಿನ ಬೋರಿನ ನೀರೇ ಎಂದೂ ಮಾಮಾ ನಂಬಿದ್ದ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಕೇಳಬೇಕಲ್ಲ! ನೀರೇನೋ ಸವಳು ನಿಜ. ಕಾಸಿದ ಪಾತ್ರೆಗೆ ಸುಣ್ಣ ಬಳಿದಂತೆ ಬಿಳಿ ಪೊರೆ ಕೂಡುತ್ತಿತ್ತು. “ಪರೀಕ್ಷಾಕ ಕಳಸೂಣ್ರಿ ಮಾಮಾ” ಎಂದೆ. “ಬ್ಯಾಳಿಗಿಂತ ದೊಡ್ಡ ಪರೀಕ್ಷಾ ಯಾವದೈತಿ?” ಎಂದವನೇ ಮರುದಿನ ಬೆಳಿಗ್ಗೆಯಿಂದ ಆ ನೀರಲ್ಲಿ ತೊಗರಿಬೇಳೆ ಕುದಿಸಿದ. ಅದು ಜಪ್ಪಯ್ಯ ಅಂದರೂ ಬೇಯಲಿಲ್ಲ. ಡಬ್ಬಿಯಲ್ಲಿ ಹಾಕಿಕೊಂಡು ಪಂಚಾಯಿತಿಗೆ ಒಯ್ದು ಪಿಡಿಓ ಮುಂದೆ ಇಟ್ಟ. ಪಾಪ, ಊಟದ ಹೊತ್ತು. ಆ ಮನುಷ್ಯ ಅಗಿದು ಅಗಿದು ಕೊನೆಗೆ, “ಯಜಮಾನ್ರ, ಉಪ್ಪು ಹಾಕಾಕ ಮರತೀರಿ” ಎಂದರು.

“ಮರತಿಲ್ರಿ ಸಾಹೇಬ್ರ. ನೀವ ನೀರಿನಾಗ ಹಾಕಿ ಕಳಸ್ತೀರಲ್ಲಾ ಅಂತ ಬಿಟ್ಟೆ!”

ಕೊನೆಗೊಂದು ದಿನ ಅಂಗಳಕ್ಕೆ ಹೊಳೆ ನೀರಿನ ನಳ ಬಂತು. ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಆದರೆ ಅಷ್ಟರಲ್ಲಿ ಅತ್ತೆ ಬೇಳೆಯನ್ನೂ ಅಳೆದು ಉಣ್ಣುವ ಸ್ಥಿತಿಗೆ ಬಂದಿದ್ದಳು. ಆ ಸಿಹಿ ನೀರನ್ನು ಹೊಟ್ಟೆ ತುಂಬ ಕುಡಿಯುವ ಯೋಗ ಆ ಮನೆಯ ಯಜಮಾನತಿಗೇ ಇಲ್ಲ. ಇನ್ನಷ್ಟು ಮುಂಚೆ ಬರಬಾರದಿತ್ತೇ, ದರಿದ್ರ ನಳ!

ಅದೂ ಎಲ್ಲಿ ಕೂತಿದೆ? ಸರಿಯಾಗಿ ಅತ್ತೆಯ ಕಿಟಕಿಯ ಕೆಳಗೆ! ವಾಟರ್‌ಮನ್‌ಗೆ ನೆನಪಾದಾಗ ನೀರು ಬರುತ್ತದೆ, ಬಂದಾಗ ಖಾಲಿ ಕೊಡದ ಸಪ್ಪಳ ಓಣಿಗೆಲ್ಲ ಕೇಳುತ್ತದೆ. ಮಾಮಾ ಒಂದು ಹಳೆಯ ಧೋತರ ಹರಿದು ನಳದ ಬಾಯಿಗೆ ಬಿಗಿಯಾಗಿ ಕಟ್ಟಿ, ತುದಿಯನ್ನು ಕೊಡದ ತಳಕ್ಕೆ ಇಳಿಬಿಟ್ಟ. ನೀರು ಬಟ್ಟೆಗುಂಟ ಕಳ್ಳನ ಹಾಗೆ ಸದ್ದಿಲ್ಲದೆ ಇಳಿಯತೊಡಗಿತು. ಓಣಿಯವರು ಬಿಡುತ್ತಾರೆಯೇ? ಥಂಡಿಗೆ ಕೂಸಿನ ತಲೆಗೆ ಕಟ್ಟುವ ಕುಲಾಯಿಯ ಹಾಗೆ ಕಾಣುತ್ತಿದ್ದ ಅದನ್ನು ನೋಡಿ ಎದುರು ಮನೆಯಾಕೆ ಕೇಳಿಯೇಬಿಟ್ಟಳು: “ಯಾಕ್ರಿ ಕಾಕಾ, ನಳಕ್ಕ ಕುಲಾಯಿ ಕಟ್ಟೀರಿ? ಥಂಡಿ ಹತ್ತೇತೇನು?”

“ಹೂನವಾ, ನಿನ್ನಿಯಿಂದ ಕೆಮ್ಮಾಕ ಹತ್ತೇತಿ” ಅಂದ ಮಾಮಾ. ಅದೇನೂ ಸುಳ್ಳಲ್ಲ. ನೀರಿಗಿಂತ ಮೊದಲು ಗಾಳಿ ಬಿಟ್ಟು ಆ ನಳ ಖೊಕ್ ಖೊಕ್ ಎನ್ನುತ್ತಿತ್ತು!

ಹೋದ ತಿಂಗಳು ಬೈಲಹೊಂಗಲದಿಂದ ಹೋಗಿದ್ದೆ. ಕಟ್ಟೆಯ ಮೇಲೆ ನೀರು ಕುಡಿದು, ಹೆಂಗಸಾದರೂ ಮೀಸೆಯ ಜಾಗ ಒರೆಸಿಕೊಂಡು ಒಳಗೆ ಹೋದೆ. ಅತ್ತೆಯ ತುಟಿ ಬಿರಿದಿದ್ದವು. ಮಾಮಾ ಹೊರಗಿದ್ದ. ಅವಳು ನನ್ನ ಕೈ ಹಿಡಿದುಕೊಂಡಳು. ನೀರು ಕೇಳಿದರೆ ಏನು ಮಾಡಲಿ ಎಂದು ಬಾಗಿಲ ಕಡೆ ನೋಡಿದೆ.

“ತಂಗಿ, ನಿಮ್ಮ ಮಾಮಾಗ ಒಂದ ಮಾತ ಹೇಳ. ಆ ನಳದ ಅರಬಿ ಬಿಚ್ಚ್ರಿ ಅನ್ನು.”

“ನಿಮಗ ಗೊತ್ತೈತೇನ್ರಿ ಅತ್ತಿ?”

“ಎಲ್ಲಾ ಗೊತ್ತೈತಿ. ನಿಮ್ಮ ಮಾಮಾನೂ ಕದ್ದು ಹಿತ್ತಲದಾಗ ನೀರು ಕುಡದ, ಮೀಸಿ ಒರಸ್ಕೊಂಡ ಬರ್ತಾರ. ನಾ ಸುಮ್ನ ಇರ್ತೇನಿ. ಲಗ್ನಾಗಿ ಬಂದಾಗಿಂದ ಈ ಮನಿ ನೀರು ತುಂಬಿದಾಕಿ ನಾನವಾ. ಈಗ ಕುಡಿಯಾಕೂ ಇಲ್ಲ, ತುಂಬಾಕೂ ಇಲ್ಲ. ಸಪ್ಪಳಾನರ ಕೇಳಸಲಿ ಬಿಡು. ಸಪ್ಪಳಿಲ್ಲದ ಈ ಮನ್ಯಾಗ ನಾ ಈಗ ಸತ್ತಂಗ ಅನಸ್ತೈತಿ.”

ಹೊರಗೆ ಬಂದು ಮಾಮನಿಗೆ ಹೇಳಿದೆ. ಮಾತಿಗೆ ಮಾತು ಹಚ್ಚಿ ಎಲ್ಲರ ಬಾಯಿ ಮುಚ್ಚಿಸುವವ ಟವೆಲ್ ತೆಗೆದು ಮಡಚಿ ಮತ್ತೆ ಗೂಟಕ್ಕೇ ಹಾಕಿದ. “ನೀರಡಿಕಿ ಕೆರಳಿ ಮತ್ತ ಕೊಡಕ್ಕ ಬಾಯಿ ಹಚ್ಚಿದ್ರ? ಆಕಿ ಹೋದ್ರ ನಾ ಏನ ಮಾಡ್ಲಿ?” ಎಂದ.

ಮರುದಿನ ಬೆಳಿಗ್ಗೆ ನಳ ಕೆಮ್ಮಿತು. ಮಾಮಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ನೆನೆದು ಬಿಗಿದ ಗಂಟು ಉಗುರಿಗೆ ಬಗ್ಗಲಿಲ್ಲ. ಹಲ್ಲು ಹಚ್ಚಿ ಬಿಚ್ಚಿದ. ತಾಮ್ರದ ಕೊಡದ ತಳಕ್ಕೆ ನೀರು ದಡದಡ ಬಿತ್ತು. ಆತನಿಗೆ ಕೊಡದ ಕಡೆ ಲಕ್ಷ್ಯವೇ ಇಲ್ಲ, ಹೆದರಿದ ಕಣ್ಣಲ್ಲಿ ಕಿಟಕಿಯನ್ನೇ ನೋಡುತ್ತಿದ್ದ. ಸಪ್ಪಳ ಬರಬರುತ್ತ ಸಣ್ಣಗಾಗಿ ಕೊಡದ ಕೊರಳಿಗೆ ಏರಿತು.

ಒಳಗಿನಿಂದ ಅತ್ತೆಯ ದನಿ ಬಂತು. ಎಷ್ಟೋ ದಿನದಿಂದ ಕೇಳದಿದ್ದ, ಗದರಿಸುವ ಹಳೆಯ ದನಿ.

“ಏನ ನೋಡ್ಕೋತ ಕುಂತೀರಿ? ಕೊಡಾ ತುಂಬೇತಿ, ಸರಸ್ರಿ!”

ಮಾಮಾ ಗಡಬಡಿಸಿ ಕೊಡ ಸರಿಸಿ ಇನ್ನೊಂದು ಇಟ್ಟ. ಮುಖ, ಮೀಸೆ ಎಲ್ಲ ತೊಯ್ದಿದ್ದವು. ಅದೆಲ್ಲ ನಳದ ನೀರಲ್ಲ. ನಾನು ಗೂಟದ ಟವೆಲ್ ತೆಗೆದು ಕೊಟ್ಟೆ. ಆತ ತೆಗೆದುಕೊಳ್ಳಲಿಲ್ಲ. ಹಸಿ ಮೀಸೆಯಲ್ಲೇ ಎದ್ದು ಅತ್ತೆಯ ಕೋಣೆಗೆ ಹೋದ.